ಇಂಜಿನ್ ಸದ್ದು ನಿಜದ್ದೋ ಸ್ಪೀಕರಿನದ್ದೋ: ಪತ್ತೆ ಹಚ್ಚೋದು ಹೇಗೆ, ನಿಲ್ಲಿಸೋದು ಹೇಗೆ?

ನಾಲ್ಕನೇ_ಗೇರ್ (ಪ್ರಶ್ನೆ)

ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಕಾರು ನೋಡಿಟ್ಟಿದ್ದೇನೆ. ಒಂದು ಆಕ್ಟೇವಿಯಾ ಆರ್‌ಎಸ್ 230, ಇನ್ನೊಂದು ಬಿಎಂಡಬ್ಲ್ಯು 330ಐ, ಎಫ್30 ತಲೆಮಾರಿನದು. ಎರಡರಲ್ಲೂ ಆಕ್ಸಿಲರೇಟರ್ ತುಳಿದಾಗ ಒಳಗೆ ಕೇಳುವ ಸದ್ದಿಗೂ ಹೊರಗೆ ನಿಂತವರಿಗೆ ಕೇಳುವ ಸದ್ದಿಗೂ ತಾಳಮೇಳವೇ ಇಲ್ಲ. ಆಕ್ಟೇವಿಯಾದಲ್ಲಿ 2000ದಿಂದ 2500 ಆರ್‌ಪಿಎಂ ನಡುವೆ ಡ್ಯಾಶ್‌ಬೋರ್ಡ್ ಹಿಂದಿನಿಂದ ‘ಗುಂಯ್’ ಅಂತ ಒಂದು ಅದುರು ಬೇರೆ.

ಕೇಳಬೇಕಿರುವುದು ಇಷ್ಟು. ಸದ್ದು ಇಂಜಿನ್ನಿನದೋ ಸ್ಪೀಕರಿನದೋ ಅಂತ ಖಚಿತವಾಗಿ ತಿಳಿಯುವ ದಾರಿ ಯಾವುದು? ಮ್ಯೂಸಿಕ್ ಸಿಸ್ಟಂ ಕೆಡದ ಹಾಗೆ ಇದನ್ನು ಬಂದ್ ಮಾಡಬಹುದಾ? ಬಿಎಂಡಬ್ಲ್ಯುಗೆ ಮುಂದೆ ಬೇರೆ ಆಂಪ್ಲಿಫೈಯರ್ ಹಾಕಿಸುವ ಯೋಚನೆ ಇದೆ, ತೊಂದರೆ ಏನಾದರೂ? ಹಾಗೇ, ಮನೆಯ ಎಲೆಕ್ಟ್ರಿಕ್ ಕಾರು ರಿವರ್ಸ್ ತೆಗೆಯುವಾಗ ‘ಹೂಂ’ ಅನ್ನುತ್ತದೆ. ಅದನ್ನೂ ನಿಲ್ಲಿಸಬಹುದಾ?

ಗ್ರೀಸ್_ಕೈ

ವೈರ್ ಕೀಳುವ ಮೊದಲು ಸದ್ದು ಯಾವ ದಾರಿಯಲ್ಲಿ ಒಳಗೆ ಬರುತ್ತಿದೆ ಅಂತ ಗೊತ್ತುಮಾಡಿಕೊಳ್ಳಿ. ದಾರಿ ನಾಲ್ಕಿವೆ, ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲನೆಯದು ಬರೀ ಕೊಳವೆ. ಟೊಯೊಟಾ ಜಿಟಿ86 ಮತ್ತು ಸುಬಾರು ಬಿಆರ್‌ಜಡ್‌ನಲ್ಲಿ ಇನ್‌ಟೇಕ್ ಪೈಪಿನಿಂದ ಒಂದು ಪ್ಲಾಸ್ಟಿಕ್ ಕೊಳವೆ ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ, ಅಂದರೆ ಫೈರ್‌ವಾಲ್‌ಗೆ ಹೋಗುತ್ತದೆ, ನಡುವೆ ಒಂದು ಪೊರೆ ಇರುತ್ತದೆ. ಪೋರ್ಶ 991ರ ‘ಸೌಂಡ್ ಸಿಂಪೋಸರ್’ ಕೂಡ ಇದೇ ಜಾತಿ, ಸ್ಪೋರ್ಟ್ ಬಟನ್ ಒತ್ತಿದಾಗ ಮಾತ್ರ ದಾರಿ ತೆರೆಯುತ್ತದೆ. ಇಲ್ಲಿ ಕೇಳುವುದು ಇಂಜಿನ್ನಿನ ಸ್ವಂತ ಉಸಿರು. ಅದನ್ನು ಕೃತಕ ಅನ್ನಲು ನನಗೆ ಮನಸ್ಸಿಲ್ಲ, ಡಾಕ್ಟರ ಸ್ಟೆತೊಸ್ಕೋಪ್ ಇದ್ದ ಹಾಗೆ. ಈ ಕೊಳವೆ ತೆಗೆಯುವವರು ಮಾಡುವ ಮಾಮೂಲಿ ತಪ್ಪು ಅಂದರೆ ತೂತನ್ನು ಹಾಗೇ ಬಿಡುವುದು. ತೂತು ಏರ್ ಫಿಲ್ಟರಿನ ಆಚೆ ಬದಿಗಿದ್ದರೆ ಧೂಳು ನೇರ ಇಂಜಿನ್ನಿಗೆ ಹೋಗುತ್ತದೆ. ಗಾಳಿ ಅಳೆಯುವ ಸೆನ್ಸರಿಗೂ ಆಚೆ ಇದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಸೇರಿಕೊಂಡು ಮಿಶ್ರಣ ತೆಳುವಾಗುತ್ತದೆ. ಇನ್‌ಟೇಕ್ ಬದಿಗೂ ಫೈರ್‌ವಾಲ್ ಬದಿಗೂ ಎರಡೂ ಕಡೆ ಸರಿಯಾದ ಮುಚ್ಚಳ ಬೇಕು.

ಎರಡನೆಯದು ಅದುರಿಸುವ ಯಂತ್ರ. ಫೋಕ್ಸ್‌ವ್ಯಾಗನ್ ಬಳಗದವರು ಇದಕ್ಕೆ ‘ಸೌಂಡಾಕ್ಟರ್’ ಅನ್ನುತ್ತಾರೆ. ವಿಂಡ್‌ಶೀಲ್ಡ್ ಬುಡದ ತಗಡಿಗೆ ಬಿಗಿದ ಒಂದು ಬಿಲ್ಲೆ, ತಗಡನ್ನೇ ಸ್ಪೀಕರ್ ಮಾಡಿಕೊಳ್ಳುತ್ತದೆ. ನಿಮ್ಮ ‘ಗುಂಯ್’ ಬಹುಪಾಲು ಇದರದ್ದೇ.

ಮೂರನೆಯದು ಕಾರಿನ ಸ್ಪೀಕರುಗಳಲ್ಲೇ ಬರುವುದು. ಬಿಎಂಡಬ್ಲ್ಯುನ ಆಕ್ಟಿವ್ ಸೌಂಡ್ ಡಿಸೈನ್, ಅಂದರೆ ಎಎಸ್‌ಡಿ, ಈ ಗುಂಪಿನದು. ಎಫ್10 ತಲೆಮಾರಿನ ಎಂ5ರಲ್ಲಿ ಬಂದಾಗ ಜಗಳವೇ ಆಗಿತ್ತು. ಅಮೆರಿಕದಲ್ಲಿ ಫೋರ್ಡ್ ಎಫ್-150 ಪಿಕಪ್ಪಿನ ಇಕೋಬೂಸ್ಟ್ ಇಂಜಿನ್ನುಗಳಿಗೂ 2015ರ ಮಸ್ಟ್ಯಾಂಗ್ 2.3ಕ್ಕೂ ಇದೇ ಉಪಾಯ ಮಾಡಿದರು.

ನಾಲ್ಕನೆಯದು ಹೊರಗೆ ಕೇಳಿಸುವುದು. ಆಡಿ ಎಸ್‌ಕ್ಯೂ5 ಡೀಸೆಲ್‌ನಲ್ಲಿ ಸೈಲೆನ್ಸರ್ ಕೊಳವೆಗೆ ಸೇರಿಸಿದ ಸ್ಪೀಕರ್, ಎಲೆಕ್ಟ್ರಿಕ್ ಕಾರಿನಲ್ಲಿ ಪಾದಚಾರಿಗಳಿಗಾಗಿ ಇಟ್ಟ ಸ್ಪೀಕರ್. ಕೊನೆಯದಕ್ಕೆ ಕಾನೂನಿನ ಬಲ ಇದೆ, ಅದರ ಮಾತೇ ಬೇರೆ.

ಒಂದು ತಪ್ಪು ತಿಳಿವಳಿಕೆ ಬಿಡಿಸಿಬಿಡುತ್ತೇನೆ. ರೇಡಿಯೊ ಆಫ್ ಮಾಡಿದೆ, ಸದ್ದು ಹಾಗೇ ಇದೆ, ಆದ್ದರಿಂದ ನಿಜದ್ದೇ ಅನ್ನುವವರಿದ್ದಾರೆ. ಹಾಗಲ್ಲ. ಎಎಸ್‌ಡಿಗೆ ವಾಲ್ಯೂಮ್ ಗುಂಡಿಯ ಹಂಗಿಲ್ಲ. ಮ್ಯೂಟ್ ಮಾಡಿದರೂ ಆಂಪ್ಲಿಫೈಯರ್ ಎಚ್ಚರವಾಗೇ ಇರುತ್ತದೆ.

ಡೆಸಿಬೆಲ್_ದಾಸ

ಪತ್ತೆ ಹಚ್ಚೋಕೆ ಕಿವಿಗಿಂತ ಫೋನ್ ವಾಸಿ. ಲೆಕ್ಕ ಸುಲಭ: ಆರ್‌ಪಿಎಂ ಅನ್ನು 60ರಿಂದ ಭಾಗಿಸಿ, ಸಿಲಿಂಡರ್ ಸಂಖ್ಯೆಯ ಅರ್ಧದಿಂದ ಗುಣಿಸಿ. ನಾಲ್ಕು ಸ್ಟ್ರೋಕ್ ಇಂಜಿನ್ನಿನಲ್ಲಿ ಒಂದು ಸೆಕೆಂಡಿಗೆ ಅಷ್ಟು ಸಲ ಉರಿತ. 3000 ಆರ್‌ಪಿಎಂನಲ್ಲಿ 3 ಸಿಲಿಂಡರಿಗೆ 75 ಹರ್ಟ್ಸ್, 4ಕ್ಕೆ 100, 6ಕ್ಕೆ 150, 8ಕ್ಕೆ 200.

ನೀವು ಹೇಳಿದ ಎರಡು ಕಾರೂ 4 ಸಿಲಿಂಡರ್, 2 ಲೀಟರ್. ಅಂದರೆ 3000ಕ್ಕೆ 100, 200, 300 ಹರ್ಟ್ಸ್‌ನಲ್ಲಿ ಗ್ರಾಫಿನ ಗೋಪುರ ಏಳಬೇಕು. 75ರಲ್ಲೋ 150ರಲ್ಲೋ ಅದಕ್ಕೆ ಸರಿಸಮನಾದ ಗೋಪುರ ಕಂಡರೆ ಯಾರೋ ಅಲ್ಲಿ ಆರು ಸಿಲಿಂಡರಿನ ವೇಷ ಹಾಕಿಸಿದ್ದಾರೆ ಅನ್ನಿ. ಸಣ್ಣ ಗುಡ್ಡ ಸಹಜವಾಗಿಯೂ ಬರುತ್ತದೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೊಳವೆಗಳ ಉದ್ದ ಒಂದೇ ಇರದಿದ್ದರೆ ನಡುವಿನ ಆವರ್ತನಗಳು ಹುಟ್ಟುತ್ತವೆ. ಹಳೆಯ ಸುಬಾರುಗಳ ಗುಡುಗುಡು ಬಂದದ್ದೇ ಅದರಿಂದ. ಹಾಗಾಗಿ ಒಂದೇ ಅಳತೆ ನಂಬಬೇಡಿ.

ಅಳೆಯುವ ಕ್ರಮ: ಸ್ಪೆಕ್ಟ್ರಮ್ ಆ್ಯಪ್ ಯಾವುದಾದರೂ ಸರಿ. ಎಫ್‌ಎಫ್‌ಟಿ (ಸದ್ದನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಗಾತ್ರ 8192 ಇಡಿ, 44.1 ಕಿಲೋಹರ್ಟ್ಸ್ ಸ್ಯಾಂಪಲಿಂಗಿನಲ್ಲಿ ಒಂದೊಂದು ಮೆಟ್ಟಿಲು ಸುಮಾರು 5.4 ಹರ್ಟ್ಸ್ ಆಗುತ್ತದೆ, ಈ ಕೆಲಸಕ್ಕೆ ಸಾಕು. ಕಿಟಕಿ ಮುಚ್ಚಿ, ಎಸಿ ಫ್ಯಾನ್ ಆಫ್ ಮಾಡಿ, ಫೋನನ್ನು ಪಕ್ಕದಲ್ಲಿ ಕೂತವರು ಹೆಡ್‌ರೆಸ್ಟ್ ಎತ್ತರದಲ್ಲಿ ಹಿಡಿಯಲಿ. ಗೇರನ್ನು ಮ್ಯಾನುಯಲ್‌ಗೆ ಹಾಕಿ ಮೂರನೇ ಗೇರಿನಲ್ಲಿ ಸಣ್ಣ ಏರು ಹತ್ತುತ್ತಾ 3000 ಹಿಡಿಯಿರಿ, ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಆಮೇಲೆ ಅದೇ ರಸ್ತೆಯಲ್ಲಿ ಇಳಿಯುತ್ತಾ, ಪೆಡಲ್ ಬಿಟ್ಟು, ಅದೇ 3000. ನಿಂತ ಕಾರಿನಲ್ಲಿ ನ್ಯೂಟ್ರಲ್‌ನಲ್ಲಿ ಒಮ್ಮೆ. ಕೊನೆಯದಾಗಿ ಸ್ಪೋರ್ಟ್ ಮೋಡಿನಲ್ಲೊಮ್ಮೆ, ಕಂಫರ್ಟ್‌ನಲ್ಲೊಮ್ಮೆ.

ನೋಡಬೇಕಾದ್ದು ಕೊನೆಯ ಜೋಡಿಯನ್ನು. ಗೇರು ಅದೇ, ಆರ್‌ಪಿಎಂ ಅದೇ, ಏರು ಅದೇ. ಮೋಡ್ ಬದಲಿಸಿದ ಮಾತ್ರಕ್ಕೆ ಕೆಲವೇ ಆವರ್ತನಗಳು ಎದ್ದು ನಿಂತರೆ ಅದು ಸಾಫ್ಟ್‌ವೇರ್ ಕೈವಾಡ. ಎಕ್ಸಾಸ್ಟ್‌ನಲ್ಲಿ ವಾಲ್ವ್ ಇರುವ ಕಾರಾದರೆ ಮಾತ್ರ ಈ ತೀರ್ಮಾನಕ್ಕೆ ಬರಬೇಡಿ, ವಾಲ್ವ್ ತೆರೆದರೂ ಬದಲಾವಣೆ ಕಾಣುತ್ತದೆ. ಅಂಥ ಕಾರಿನಲ್ಲಿ ಅದೇ ಹೊತ್ತಿಗೆ ಹೊರಗೂ ಒಂದು ಫೋನ್ ಇಟ್ಟು ರೆಕಾರ್ಡ್ ಮಾಡಿ. ಹೊರಗೂ ಏರಿದರೆ ವಾಲ್ವ್, ಒಳಗಷ್ಟೇ ಏರಿದರೆ ಸ್ಪೀಕರ್.

ಫೋನ್ ಮೈಕು 100 ಹರ್ಟ್ಸ್‌ಗಿಂತ ಕೆಳಗೆ ಸೊರಗುತ್ತದೆ. ಡೆಸಿಬೆಲ್ ಅಂಕಿಗೆ ಬೆಲೆ ಕೊಡಬೇಡಿ, ಒಂದು ರೆಕಾರ್ಡಿಂಗಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಮಾತ್ರ ನೋಡಿ.

ಎಂಕ್ಯೂಬಿ_ಮೇಷ್ಟ್ರು

ಆಕ್ಟೇವಿಯಾ ವಿಷಯಕ್ಕೆ ಬರೋಣ.

ಮೊದಲು ಪುಕ್ಕಟೆ ದಾರಿ ನೋಡಿ. ಡ್ರೈವಿಂಗ್ ಮೋಡಿನ ಇಂಡಿವಿಜುವಲ್ ಪಟ್ಟಿಯಲ್ಲಿ ಇಂಜಿನ್ ಸೌಂಡ್ ಅನ್ನುವ ಸಾಲು ಇದ್ದರೆ ಅದನ್ನು ಇಕೋ ಅಥವಾ ನಾರ್ಮಲ್‌ಗೆ ಇಳಿಸಿ, ಮಿಕ್ಕಿದ್ದೆಲ್ಲ ಸ್ಪೋರ್ಟ್‌ನಲ್ಲೇ ಇರಲಿ. ಅರ್ಧ ಜನಕ್ಕೆ ಇಷ್ಟರಲ್ಲೇ ಸಮಾಧಾನವಾಗುತ್ತದೆ.

ಸಾಲದಿದ್ದರೆ ಕಾರಿನ ಕಂಪ್ಯೂಟರುಗಳನ್ನು ಓದುವ ವಿಸಿಡಿಎಸ್ ಅಥವಾ ಒಬಿಡಿ ಇಲೆವೆನ್ ಹಾಕಿ ಎಲ್ಲ ಮಾಡ್ಯೂಲ್ ಸ್ಕ್ಯಾನ್ ಮಾಡಿ, ವರದಿಯನ್ನು ಉಳಿಸಿಕೊಳ್ಳಿ. ವಿಳಾಸ ಎ9 ಪಟ್ಟಿಯಲ್ಲಿದ್ದರೆ ನಿಮ್ಮ ಕಾರಿಗೆ ಸೌಂಡಾಕ್ಟರ್ ಇದೆ. ಇರದಿದ್ದರೆ ಇಲ್ಲ, ‘ಗುಂಯ್’ಗೆ ಬೇರೆ ಕಾರಣ ಹುಡುಕಬೇಕು. ವೈರಿಂಗ್ ನಕ್ಷೆಯಲ್ಲಿ ಕಂಟ್ರೋಲ್ ಯೂನಿಟ್ಟಿನ ಸಂಕೇತ ಜೆ869, ಅದುರುವ ಬಿಲ್ಲೆಯದು ಆರ್257. ಅಡಾಪ್ಟೇಶನ್ (ಸೆಟ್ಟಿಂಗ್ ಬದಲಿಸುವ ಪಟ್ಟಿ) ಒಳಗೆ ಸ್ಟ್ರಕ್ಚರ್ ಬೋರ್ನ್ ಸೌಂಡ್ ಮಟ್ಟದ ಚಾನೆಲ್ ಸಿಗುತ್ತದೆ, ಕಂಪನಿ ಇಟ್ಟ ಮಟ್ಟ ಶೇಕಡಾ 100. ಇಗ್ನಿಷನ್ ಆನ್, ಇಂಜಿನ್ ಆಫ್, ಬ್ಯಾಟರಿಗೆ ಚಾರ್ಜರ್ ಹಾಕಿರಲಿ. ಹಳೆಯ ಮಟ್ಟ ಬರೆದಿಟ್ಟುಕೊಂಡು 0 ಮಾಡಿ. ಒಮ್ಮೆಗೇ 0 ಬೇಡ ಅನ್ನಿಸಿದರೆ 30 ಅಥವಾ 40ರಲ್ಲಿ ಒಂದು ವಾರ ಓಡಿಸಿ ನೋಡಬಹುದು.

ಕೋಡಿಂಗ್ ಗೊಡವೆಯೇ ಬೇಡ ಅಂದರೆ ಬಾನೆಟ್ ಎತ್ತಿ ಹಿಂದಿನ ಅಂಚಿನ ರಬ್ಬರ್ ಬೀಡಿಂಗ್ ಬಿಡಿಸಿ. ವೈಪರ್ ಕೆಳಗಿನ ಪ್ಲಾಸ್ಟಿಕ್ ಕವರಿನ ಹಿಂದೆ ಬಿಲ್ಲೆ ಕಾಣುತ್ತದೆ. ಕ್ಲಿಪ್ ಒತ್ತಿ ಕನೆಕ್ಟರ್ ಎಳೆಯಿರಿ. ಹಾಗೇ ನೇತಾಡಲು ಬಿಡಬೇಡಿ, ಮಳೆನೀರು ಹರಿಯುವ ಜಾಗ ಅದು. ಬಾಯಿಗೆ ಟೇಪ್ ಸುತ್ತಿ ಬಾಯಿ ಕೆಳಗಾಗುವ ಹಾಗೆ ಪಕ್ಕದ ವೈರಿಗೆ ಕಟ್ಟಿ. ಚೆಕ್ ಇಂಜಿನ್ ದೀಪ ಹತ್ತುವುದಿಲ್ಲ, ಆದರೆ ಎ9ರಲ್ಲಿ ದೋಷ ದಾಖಲಾಗುತ್ತದೆ. ವಾರಂಟಿ ಇರುವ ಕಾರಾದರೆ ಸರ್ವಿಸಿಗೆ ಬಿಡುವ ಮುಂಚೆ ಮತ್ತೆ ಸಿಕ್ಕಿಸಿ, ಫಾಲ್ಟ್ ಅಳಿಸಿ.

ಖರೀದಿಗೆ ಮುಂಚಿನ ಪರೀಕ್ಷೆಗೂ ಇದೇ ಉಪಯೋಗ. ಕನೆಕ್ಟರ್ ಕಿತ್ತು ಓಡಿಸಿದಾಗ 2000–2500ರ ಅದುರು ಮಾಯವಾದರೆ ಬಿಲ್ಲೆಯ ನಟ್ ಸಡಿಲವಾಗಿದೆ, ಇಲ್ಲವೇ ಕವರಿನ ಕ್ಲಿಪ್ ಮುರಿದಿದೆ. ವಿಂಡ್‌ಶೀಲ್ಡ್ ಬದಲಿಸಿದ ಕಾರುಗಳಲ್ಲಿ ಇದು ಮಾಮೂಲಿ, ಕವರ್ ಬಿಚ್ಚಿದವರು ಕ್ಲಿಪ್ ಎಲ್ಲ ವಾಪಸ್ ಹಾಕಿರುವುದಿಲ್ಲ. ಕಿತ್ತ ಮೇಲೂ ಅದುರು ಉಳಿದರೆ ಇಂಜಿನ್ ಮೌಂಟ್, ಎಕ್ಸಾಸ್ಟ್ ಹ್ಯಾಂಗರ್, ಟರ್ಬೊ ಹೀಟ್ ಶೀಲ್ಡ್ ನೋಡಿ. ಬೆಲೆ ಚೌಕಾಸಿಗೂ ಬರುತ್ತದೆ.

ಇದೆಲ್ಲ ಎಂಕ್ಯೂಬಿ, ಅಂದರೆ ಫೋಕ್ಸ್‌ವ್ಯಾಗನ್ ಬಳಗದ ಕಾರುಗಳ ತಳಪಾಯದ, ಮೊದಲ ತಲೆಮಾರಿಗೆ. ಎಂಟನೇ ಗಾಲ್ಫ್, ನಾಲ್ಕನೇ ಆಕ್ಟೇವಿಯಾದಲ್ಲಿ ಎಸ್‌ಎಫ್‌ಡಿ ಅನ್ನುವ ಬೀಗ ಬಂದಿದೆ, ಹಲವು ಮಾಡ್ಯೂಲುಗಳಲ್ಲಿ ಆನ್‌ಲೈನ್ ಅನುಮತಿ ಇಲ್ಲದೆ ಸೆಟ್ಟಿಂಗ್ ಬದಲಿಸಲಾಗುವುದಿಲ್ಲ.

ಕರಾವಳಿ_ಸ್ಪ್ಯಾನರ್

ಮೇಷ್ಟ್ರು ಹೇಳಿದ ‘ಕಿತ್ತುಬಿಡಿ’ ಸೂತ್ರವನ್ನು ಬಿಎಂಡಬ್ಲ್ಯುಗೆ ಹಾಗೇ ಹಾಕಬೇಡಿ ಮಾರಾಯ್ರೆ. ಎಫ್30ರಲ್ಲಿ ಎಎಸ್‌ಡಿ ಅಂದರೆ ಡಿಕ್ಕಿಯ ಪಕ್ಕದ ಲೈನಿಂಗ್ ಹಿಂದೆ ಕೂತಿರುವ ಪ್ರತ್ಯೇಕ ಪೆಟ್ಟಿಗೆ. ಆರ್‌ಪಿಎಂ, ಪೆಡಲ್, ವೇಗ ಎಲ್ಲವನ್ನೂ ಕ್ಯಾನ್ ಲೈನಿನಿಂದ (ಕಾರಿನ ಕಂಪ್ಯೂಟರುಗಳು ಮಾತಾಡಿಕೊಳ್ಳುವ ವೈರು) ಓದಿ ಸದ್ದು ಹೆಣೆಯುತ್ತದೆ. ಎಡವಟ್ಟು ಏನೆಂದರೆ, ಆಡಿಯೊ ಸಿಗ್ನಲ್ಲು ಈ ಪೆಟ್ಟಿಗೆಯ ಮೂಲಕವೇ ಹಾದುಹೋಗುವ ವೈರಿಂಗ್ ಉಂಟು. ಅಂಥ ಕಾರಿನಲ್ಲಿ ಪ್ಲಗ್ ಎಳೆದರೆ ಇಂಜಿನ್ ಸದ್ದಿನ ಜೊತೆ ಹಾಡೂ ಹೋಯಿತು. ಒಳಬರುವ ಪಿನ್ನನ್ನು ಹೊರಹೋಗುವ ಪಿನ್ನಿಗೆ ಜೋಡಿಸುವ ಬೈಪಾಸ್ ಪ್ಲಗ್ ಬೇಕಾಗುತ್ತದೆ. ನಿಮ್ಮ ಕಾರಿನ ಚಾಸಿ ನಂಬರಿಗೆ ಸರಿಯಾದ ವೈರಿಂಗ್ ನಕ್ಷೆ ಕೈಲಿಲ್ಲದೆ ಪಿನ್ ಜೋಡಿಸಬೇಡಿ, ಅದೇ ಕನೆಕ್ಟರಿನಲ್ಲಿ 12 ವೋಲ್ಟ್ ಸಪ್ಲೈಯೂ ಉಂಟು.

ಅದಕ್ಕಿಂತ ಬಿಮ್ಮರ್‌ಕೋಡ್ ಥರದ ಆ್ಯಪಿನಲ್ಲಿ ಎಎಸ್‌ಡಿಯನ್ನು ನಿಷ್ಕ್ರಿಯ ಮಾಡುವುದೇ ಕ್ಷೇಮ. ಬರೆಯುವ ಮೊದಲು ಬ್ಯಾಕಪ್. ಡೀಲರ್ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ಕೋಡಿಂಗ್ ಅಳಿಸಿಹೋಗಿ ಸದ್ದು ವಾಪಸ್ ಬರುತ್ತದೆ, ಗಾಬರಿ ಬೇಡ, ಮತ್ತೆ ಬರೆದರಾಯಿತು.

ಈಗ ಆಂಪ್ಲಿಫೈಯರ್. ಹೊಸ ಆಂಪಿಗೆ ಸಿಗ್ನಲ್ಲನ್ನು ಕಂಪನಿಯ ಸ್ಪೀಕರ್ ವೈರಿನಿಂದ ತೆಗೆಯುವುದು ಇಲ್ಲಿನ ಆಡಿಯೊ ಅಂಗಡಿಗಳ ರೂಢಿ. ಆ ಹೊತ್ತಿಗೆ ಎಎಸ್‌ಡಿ ಸದ್ದು ಹಾಡಿನ ಜೊತೆ ಬೆರೆತಾಗಿರುತ್ತದೆ. ಕಂಪನಿ ಸ್ಪೀಕರಿನಲ್ಲಿ ಮೆಲ್ಲಗೆ ಗೊಣಗುತ್ತಿದ್ದದ್ದು 10 ಇಂಚಿನ ಸಬ್‌ವೂಫರಿನಲ್ಲಿ ಲಾರಿ ಆಗುತ್ತದೆ. ಎಎಸ್‌ಡಿ ಮೊದಲು ಬಂದ್ ಮಾಡಿ, ಆಮೇಲೆ ಆಂಪ್ ಟ್ಯೂನ್ ಮಾಡಿಸಿ. ಉಲ್ಟಾ ಮಾಡಿದರೆ ಟ್ಯೂನಿಂಗ್ ಎರಡು ಸಲ.

ಇದಕ್ಕೆ ಅಣ್ಣತಮ್ಮನಂಥ ಇನ್ನೊಂದು ಬಾಧೆ ಉಂಟು, ಆಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್. ಛಾವಣಿಯ ಮೈಕುಗಳು ಇಂಜಿನ್ ಗುಂಗನ್ನು ಕೇಳಿಸಿಕೊಂಡು ಅದಕ್ಕೆ ಉಲ್ಟಾ ಅಲೆಯನ್ನು ಸ್ಪೀಕರಿಗೆ ಕಳಿಸುತ್ತವೆ. ಹೋಂಡಾ 2003ರ ಇನ್‌ಸ್ಪೈರ್‌ನಲ್ಲೇ ಇದನ್ನು ಹಾಕಿತ್ತು, ವಿ6ರ ಅರ್ಧ ಸಿಲಿಂಡರ್ ಮಲಗಿದಾಗ ಏಳುವ ಗುಂಗು ಅಡಗಿಸಲು. ಇಂಥ ಕಾರಿಗೆ ಬೇರೆ ಆಂಪ್, ಬೇರೆ ಸಬ್ ಹಾಕಿದರೆ ಅಲೆಯ ಮಟ್ಟ, ಫೇಸ್ (ಅಲೆ ಏರಿಳಿಯುವ ಹೊತ್ತು) ಎರಡೂ ಕೆಡುತ್ತವೆ. ರದ್ದು ಮಾಡಬೇಕಾದದ್ದು ಸೇರಿಸತೊಡಗುತ್ತದೆ, ಹಾಡಿಲ್ಲದಾಗಲೂ ‘ಭೋಂ’ ಎಂಬ ಕೆಳಸ್ವರ ಏಳುತ್ತದೆ. ಸ್ಪೀಕರ್ ಕೆಟ್ಟಿದೆ ಅಂತ ಮತ್ತೆರಡು ಸ್ಪೀಕರ್ ಮಾರುವವರಿದ್ದಾರೆ. ಮೊದಲು ಆ ಮೈಕುಗಳದ್ದೋ ಮಾಡ್ಯೂಲಿನದ್ದೋ ಕನೆಕ್ಟರ್ ಬಿಡಿಸಿ ನೋಡಿ, ಭೋಂಕಾರ ನಿಂತರೆ ಉತ್ತರ ಸಿಕ್ಕಿತು. ಫೋನ್ ಕರೆಯ ಮೈಕ್ ಬೇರೆ, ಅದನ್ನು ಕೀಳಬೇಡಿ.

ಹಳೇ_ಕಾರ್ಬ್ಯುರೇಟರ್

ಇಷ್ಟೆಲ್ಲ ಒದ್ದಾಟ ಯಾಕ್ರೀ? ಒಳ್ಳೆ ಇಂಜಿನ್ ಕೊಟ್ಟರೆ ಒಳ್ಳೆ ಸದ್ದು ತಾನಾಗೇ ಬರತದ. ಸ್ಪೀಕರಿನಾಗ ವಿ8 ಹಾಡಸೋದು ಗಿರಾಕಿಗೆ ಮಾಡೋ ಮೋಸ.

ಡೆಸಿಬೆಲ್_ದಾಸ

ಕಾರಿನ ವಿವರಪಟ್ಟಿಯಲ್ಲಿ ಹೇಳದೆ ಹಾಕಿದರೆ ಮೋಸವೇ, ಒಪ್ಪಿದೆ. ಆದರೆ ‘ತಾನಾಗೇ ಬರ್ತದೆ’ ಅನ್ನುವ ಕಾಲ ಹೋಯಿತು. ಟರ್ಬೊ ಚಕ್ರ ಎಕ್ಸಾಸ್ಟ್ ಬಡಿತದ ತುದಿಗಳನ್ನು ನುಂಗುತ್ತದೆ. ಯುರೋಪಿನ ಪೆಟ್ರೋಲ್ ಕಾರಿನಲ್ಲಿ ಅದರ ಹಿಂದೆ ಕಣ ಹಿಡಿಯುವ ಫಿಲ್ಟರ್, ಅದು ಇನ್ನೊಂದು ಸೈಲೆನ್ಸರ್ ಇದ್ದ ಹಾಗೆ. ಮೇಲಿಂದ ಅಲ್ಲಿನ ಆರ್51.03 ನಿಯಮ ಸಾಮಾನ್ಯ ಕಾರಿನ ಹೊರಸದ್ದಿನ ಮಿತಿಯನ್ನು 72ರಿಂದ 70ಕ್ಕೆ, ಅಲ್ಲಿಂದ 68 ಡೆಸಿಬೆಲ್‌ಗೆ ಹಂತಹಂತವಾಗಿ ಇಳಿಸಿದೆ. ಹೊರಗೆ ಸದ್ದು ಮಾಡುವಂತಿಲ್ಲ, ಒಳಗೆ ಕೂತವನಿಗೆ ಸದ್ದು ಬೇಕು. ಉಳಿದ ದಾರಿ ಸ್ಪೀಕರ್ ಒಂದೇ. ನನ್ನ ತಕರಾರು ಸದ್ದಿನ ಮೇಲಲ್ಲ, ಆಫ್ ಬಟನ್ ಕೊಡದವರ ಮೇಲೆ.

ಬ್ಯಾಟರಿ_ಭಾವ

ಎಲೆಕ್ಟ್ರಿಕ್ ಕಾರಿನ ಪ್ರಶ್ನೆಗೆ ನನ್ನ ಉತ್ತರ: ಮುಟ್ಟಬೇಡಿ. ಇಲ್ಲಿಯವರೆಗೆ ಮಾತಾಡಿದ್ದು ನಿಮಗಾಗಿ ಹುಟ್ಟಿಸಿದ ಸದ್ದು. ಇದು ಕಣ್ಣು ಕಾಣದವರಿಗೆ, ಫೋನ್ ನೋಡುತ್ತಾ ನಡೆಯುವವರಿಗೆ, ಅಂಗಳದಲ್ಲಿ ಆಡುವ ಮಕ್ಕಳಿಗೆ ಇಟ್ಟದ್ದು. ಹೆಸರು ಅವಾಸ್, ಅಂದರೆ ಅಕೌಸ್ಟಿಕ್ ವೆಹಿಕಲ್ ಅಲರ್ಟಿಂಗ್ ಸಿಸ್ಟಂ.

ವಿಶ್ವಸಂಸ್ಥೆಯ ಆರ್138 ನಿಯಮದ ಪ್ರಕಾರ 20 ಕಿ.ಮೀ. ವೇಗದವರೆಗೂ ರಿವರ್ಸಿನಲ್ಲೂ ಸದ್ದು ಇರಬೇಕು. ಕನಿಷ್ಠ ಮಟ್ಟ 10 ಕಿ.ಮೀ.ಯಲ್ಲಿ 50 ಡೆಸಿಬೆಲ್, 20ರಲ್ಲಿ 56, ರಿವರ್ಸಿನಲ್ಲಿ 47. ಮುಂದಕ್ಕೆ ಹೋಗುವಾಗ ಗರಿಷ್ಠ 75. ವೇಗ ಏರಿದಂತೆ ಸ್ವರವೂ ಏರಬೇಕು, ಇಲ್ಲದಿದ್ದರೆ ಕಾರು ಹತ್ತಿರ ಬರುತ್ತಿದೆಯೋ ನಿಲ್ಲುತ್ತಿದೆಯೋ ಕಿವಿಗೆ ತಿಳಿಯುವುದಿಲ್ಲ. 20 ದಾಟಿದ ಮೇಲೆ ಟೈರಿನ ಸದ್ದೇ ಆ ಕೆಲಸ ಮಾಡುತ್ತದೆ. ಯುರೋಪಿನಲ್ಲಿ 2021ರ ಜುಲೈಯಿಂದ ಹೊಸದಾಗಿ ನೋಂದಣಿಯಾಗುವ ಎಲ್ಲ ಎಲೆಕ್ಟ್ರಿಕ್, ಹೈಬ್ರಿಡ್ ಕಾರಿಗೂ ಇದು ಕಡ್ಡಾಯ. ಅಮೆರಿಕದ ನಿಯಮದಲ್ಲಿ ಮಿತಿ 30 ಕಿ.ಮೀ.ವರೆಗಿದೆ. ಟೆಸ್ಲಾ ತನ್ನ ಬೂಂಬಾಕ್ಸ್ ಸೌಲಭ್ಯದಿಂದ (ಹೊರಗಿನ ಸ್ಪೀಕರಿನಲ್ಲಿ ಬೇಕಾದ ಸದ್ದು ಹಾಕುವುದು) ಈ ಎಚ್ಚರಿಕೆ ಸದ್ದು ಮುಚ್ಚಿಹೋಗುತ್ತದೆ ಅನ್ನುವ ಕಾರಣಕ್ಕೆ 2022ರಲ್ಲಿ ಅಲ್ಲಿ 5.78 ಲಕ್ಷ ಕಾರುಗಳ ಸಾಫ್ಟ್‌ವೇರ್ ಬದಲಿಸಬೇಕಾಯಿತು. ನಮ್ಮಲ್ಲಿ ಇದರ ಮಾನದಂಡ ಎಐಎಸ್-173. ಸಾರಿಗೆ ಸಚಿವಾಲಯ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಕರಡು ಹೊಸ ಮಾದರಿಗಳಿಗೆ 2026ರ ಅಕ್ಟೋಬರ್ 1, ಈಗಾಗಲೇ ಮಾರಾಟದಲ್ಲಿರುವ ಮಾದರಿಗಳಿಗೆ 2027ರ ಅಕ್ಟೋಬರ್ 1 ಅಂತ ಗಡುವು ಹಾಕಿತ್ತು. ಕಾರು, ಬಸ್ಸು, ಟ್ರಕ್ ಎಲ್ಲಕ್ಕೂ ಅನ್ವಯ. ಸ್ಕೂಟರ್, ಆಟೋ ಆ ಪಟ್ಟಿಯಲ್ಲಿಲ್ಲ. ಗಲ್ಲಿಯಲ್ಲಿ ಬೆನ್ನಿಗೆ ಸದ್ದಿಲ್ಲದೆ ಬಂದು ನಿಲ್ಲುವುದು ಹೆಚ್ಚಾಗಿ ಅವೇ, ಅದು ಬೇರೆ ಮಾತು.

ರಿವರ್ಸ್ ‘ಹೂಂ’ ಹಿಂದಿಗಿಂತ ಜೋರಾಗಿದ್ದರೆ, ಕರ್ಕಶವಾಗಿದ್ದರೆ ಅದನ್ನು ನೋಡಿ. ಸ್ಪೀಕರ್ ಸಾಮಾನ್ಯವಾಗಿ ಬಂಪರ್ ಹಿಂದೆ ಬಾಯಿ ಕೆಳಗೆ ಮಾಡಿ ಕೂತಿರುತ್ತದೆ. ಕೆಸರು ಮೆತ್ತಿದರೆ ಸ್ವರ ಮಂಕಾಗುತ್ತದೆ, ಬ್ರ್ಯಾಕೆಟ್ ಸಡಿಲವಾದರೆ ಬಂಪರೇ ಗಡಗಡ ಅನ್ನುತ್ತದೆ. ತೊಳೆಯುವಾಗ ಪ್ರೆಷರ್ ಗನ್ನನ್ನು ನೇರ ಅದರ ಬಾಯಿಗೆ ಹಿಡಿಯಬೇಡಿ, ಪೊರೆ ಹರಿಯುತ್ತದೆ. ಬಂಪರ್ ಬಿಚ್ಚಿ ಪೇಂಟ್ ಮಾಡಿಸಿದ ಕಾರು ಮೂಕವಾಗಿದ್ದರೆ ನೂರಕ್ಕೆ ತೊಂಬತ್ತು ಪಾಲು ಕನೆಕ್ಟರ್ ಸಿಕ್ಕಿಸಲು ಮರೆತಿರುತ್ತಾರೆ. ಪರೀಕ್ಷೆಗೆ ನಿಶ್ಶಬ್ದ ಬೇಸ್‌ಮೆಂಟ್ ಸಾಕು: ಒಬ್ಬರು ಪಕ್ಕದಲ್ಲಿ 2 ಮೀಟರ್ ದೂರ ನಿಲ್ಲಲಿ, ಇನ್ನೊಬ್ಬರು ನಡಿಗೆ ವೇಗದಲ್ಲಿ ಮುಂದಕ್ಕೂ ಹಿಂದಕ್ಕೂ ಓಡಿಸಲಿ. ಎರಡೂ ಕಡೆ ಕೇಳಬೇಕು, ವೇಗದ ಜೊತೆ ಸ್ವರ ಏರಬೇಕು.

ನಾಲ್ಕನೇ_ಗೇರ್

ಎಲ್ಲರಿಗೂ ಧನ್ಯವಾದ. ಅವಾಸ್ ತಂಟೆಗೆ ಹೋಗಲ್ಲ. ಕೊನೆಯ ಪ್ರಶ್ನೆ: ಆನ್‌ಲೈನಿನಲ್ಲಿ ಡೀಸೆಲ್ ಕಾರಿಗೆ ವಿ8 ಸದ್ದು ಕೊಡುವ ಎಕ್ಸಾಸ್ಟ್ ಸ್ಪೀಕರ್ ಕಿಟ್ ಮಾರುತ್ತಾರಲ್ಲ, ತಮ್ಮ ಅದರ ಹಿಂದೆ ಬಿದ್ದಿದ್ದಾನೆ. ಹಾಕಿಸಬಹುದಾ?

ಗ್ರೀಸ್_ಕೈ

ಬೇಡ ಅನ್ನಿ. ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ ಸದ್ದಿನ ಮಿತಿ ಮೀರಿದ ವಾಹನ ಓಡಿಸಿದರೆ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹ. ಪೊಲೀಸರಿಗೆ ಸದ್ದು ಕೊಳವೆಯಿಂದ ಬಂತೋ ಸ್ಪೀಕರಿನಿಂದ ಬಂತೋ ಅನ್ನುವ ವ್ಯತ್ಯಾಸ ಇಲ್ಲ.

ಕೆಲಸದ ದೃಷ್ಟಿಯಿಂದಲೂ ತಲೆನೋವು. ಡಬ್ಬ ಬಂಪರ್ ಕೆಳಗೆ ಕೂರುತ್ತದೆ, ನಮ್ಮ ಹಂಪುಗಳಿಗೆ ಮೊದಲು ತಾಗುವುದೇ ಅದು. ಮಳೆಗಾಲದಲ್ಲಿ ಕನೆಕ್ಟರಿಗೆ ನೀರು ಇಳಿಯುತ್ತದೆ. ಕಂಟ್ರೋಲ್ ಡಬ್ಬಕ್ಕೆ ಆರ್‌ಪಿಎಂ ಬೇಕು, ಅದಕ್ಕಾಗಿ ಕ್ಯಾನ್ ವೈರಿನ ಸಿಪ್ಪೆ ಸುಲಿದು ಜೋಡಿಸುತ್ತಾರೆ. ಆ ಜೋಡಣೆ ಸಡಿಲವಾದ ದಿನ ಎಬಿಎಸ್, ಸ್ಟೀರಿಂಗ್, ಗೇರ್‌ಬಾಕ್ಸ್ ದೀಪಗಳು ಒಟ್ಟಿಗೇ ಹತ್ತುತ್ತವೆ, ಯಾವ ಸ್ಕ್ಯಾನರೂ ನೇರವಾಗಿ ಆ ಜಾಗ ತೋರಿಸುವುದಿಲ್ಲ. ತಮ್ಮನಿಗೆ ಸದ್ದೇ ಬೇಕಿದ್ದರೆ, ಕಾರಿನ ಒಳಗಷ್ಟೇ ಕೇಳಿಸುವ ಆ್ಯಪುಗಳಿವೆ. ಒಬಿಡಿ (ಕಾರಿನ ತಪಾಸಣೆ ಪೋರ್ಟ್) ಡಾಂಗಲಿನಿಂದ ಆರ್‌ಪಿಎಂ ಓದಿ ಬ್ಲೂಟೂತಿನಲ್ಲಿ ಸದ್ದು ಹಾಕುತ್ತವೆ. ಅರ್ಧ ಸೆಕೆಂಡ್ ತಡವಾಗಿ ಗುಡುಗುವ ವಿ8 ಅನ್ನು ಎರಡು ದಿನ ಕೇಳಿದರೆ ಅವನೇ ಅನ್‌ಇನ್‌ಸ್ಟಾಲ್ ಮಾಡುತ್ತಾನೆ.